ಫೌಜಿಯ ಕೈ, ಫರ್ಸಿಯ ಭಾರ

ಭಂಕೂರ-ಶಹಾಬಾದ್ ಸೀಮೆಯಲ್ಲಿ ಲಾರಿಗೆ ಫರ್ಸಿ ಹೇರುವುದನ್ನು ಒಮ್ಮೆ ನಿಂತು ನೋಡಬೇಕು. ಖಣಿಯಲ್ಲಿ ಪದರುಪದರಾಗಿ ಏಳುವ ಈ ಸುಣ್ಣಕಲ್ಲು ಮನೆಯ ನೆಲಕ್ಕಿಳಿದರೆ ತಲೆಮಾರುಗಟ್ಟಲೆ ಬಾಳುತ್ತದೆ. ಆದರೆ ದಾರಿಯಲ್ಲಿ ಬಿರುಕು ಬಿಡಲು ಒಂದೇ ಗುಂಡಿ ಸಾಕು. ಅದಕ್ಕೇ ಹಾಸುಗಲ್ಲನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒರಗಿಸಿ ಬಿಗಿಯುತ್ತಾರೆ.

ಇಂಥ ಸರಕಿಗೆ ಸೈನ್ಯದಲ್ಲಿ ಪಳಗಿದ ಚಾಲಕ ಸಿಕ್ಕರೆ ಮಾಲೀಕನಿಗೆ ನೆಮ್ಮದಿ. ಸೇನೆಗೆ ರೇಷನ್, ಇಂಧನ ಮುಟ್ಟಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ ವೇಗಕ್ಕಿಂತ ಅಂತರಕ್ಕೆ ಬೆಲೆ: ಸಾಲಿನಲ್ಲಿ ಮುಂದಿನ ಗಾಡಿ ಕಾಣುತ್ತಿರಬೇಕು, ಬೆನ್ನಿಗೆ ಅಂಟಬಾರದು. 1959ರಿಂದ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ಟ್ರಕ್ಕುಗಳ ಸ್ಟೇರಿಂಗ್ ಹಿಡಿದು ಒಂದು ಪೀಳಿಗೆಯೇ ಈ ಪಾಠ ಕಲಿಯಿತು. 3,500 ಮೀಟರ್ ಎತ್ತರದ ಜೋಜಿಲಾ ಘಾಟಿಯ ಇಳಿಜಾರಿನಲ್ಲಿ ಬ್ರೇಕಿಗಿಂತ ಗೇರನ್ನು ನಂಬಿದ ಕೈಗೆ, ವಾಡಿಯ ಸಿಮೆಂಟು, ಸೇಡಂನ ತೊಗರಿ, ಶಹಾಬಾದಿನ ಕಲ್ಲು ಎಲ್ಲವೂ ಒಂದೇ: ಹೊತ್ತ ಭಾರವನ್ನು ಹಾಗೇ ತಲುಪಿಸಬೇಕು.

ಇಂಥ ಚಾಲಕ ನಸುಕಿನಲ್ಲೆದ್ದು ರಾಡಿನಿಂದ ಟಾಯರು ಬಡಿದು ನಾದ ಕೇಳುವುದು, ಆಯಿಲ್ ನೋಡುವುದು, ಹಗ್ಗದ ಗಂಟನ್ನು ಎಳೆದು ಪರೀಕ್ಷಿಸುವುದು, ಇದ್ಯಾವುದನ್ನೂ ಈಗ ಯಾವ ಹವಾಲ್ದಾರನೂ ಬಂದು ತನಿಖೆ ಮಾಡುವುದಿಲ್ಲ. ಆದರೂ ಒಂದು ದಿನವೂ ತಪ್ಪುವುದಿಲ್ಲ. ಕ್ಲೀನರ್ ಹುಡುಗ ಆಕಳಿಸುತ್ತ, "ನಿನ್ನೆನೇ ನೋಡೀವಲ್ಲ ಕಾಕಾ" ಅಂದರೆ ಉತ್ತರ ಒಂದೇ: "ನಿನ್ನಿದು ನಿನ್ನಿಗಿ ಆತಪಾ."