ಅಡಿಯ ಲೆಕ್ಕವೂ ನೀರಿನ ಲೆಕ್ಕವೂ

ವೃತ್ತಪತ್ರಿಕೆಗಳ ಭಾಷೆಯನ್ನು ವಿಮರ್ಶಿಸುವವರು ಹಲವರುಂಟು. ಅವುಗಳ ಅಂಕಿಗಳನ್ನು ವಿಮರ್ಶಿಸುವವರು ವಿರಳ. ಅಂಕಿಯು ಸರಿಯಾಗಿದ್ದರೂ ಅದನ್ನು ಇರಿಸಿದ ರೀತಿಯಿಂದ ವಾಚಕನು ಮೋಸಹೋಗುವುದುಂಟು. ಮಂಡ್ಯದ ಸೀಮೆಯವರಾದ ನಮಗೆ ಇದರ ನಿದರ್ಶನವು ದೂರವಿಲ್ಲ. ಮಳೆಗಾಲದಲ್ಲಿ ನಿತ್ಯವೂ ಪ್ರಕಟವಾಗುವ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವೇ ಸಾಕು.

ಕೃಷ್ಣರಾಜಸಾಗರದ ಪೂರ್ಣಮಟ್ಟ ೧೨೪.೮೦ ಅಡಿ, ಆಗ ಅದರಲ್ಲಿ ನಿಲ್ಲುವ ನೀರು ಸುಮಾರು ೪೯.೪೫ ಟಿ.ಎಂ.ಸಿ. “ನೂರು ಅಡಿ ದಾಟಿದ ಕಟ್ಟೆ” ಎಂಬ ದಪ್ಪಕ್ಷರದ ತಲೆಬರಹವನ್ನು ಓದಿದವನು ಐದರಲ್ಲಿ ನಾಲ್ಕು ಪಾಲು ತುಂಬಿತೆಂದೇ ಭಾವಿಸುವನು. ವಾಸ್ತವವಾಗಿ ಆ ಮಟ್ಟದಲ್ಲಿರುವ ನೀರು ಅರ್ಧಕ್ಕೂ ಕಡಿಮೆ. ಜಲಾಶಯವು ಕೊಳಗದಂತೆ ನೆಟ್ಟಗಿರದೆ ಬೋಗುಣಿಯಂತೆ ಮೇಲೇರಿದಷ್ಟೂ ಅಗಲವಾಗುವುದರಿಂದ, ಮೇಲಿನ ಒಂದಡಿಯ ನೀರು ತಳದ ಒಂದಡಿಗಿಂತ ಎಷ್ಟೋ ಪಾಲು ಹೆಚ್ಚು.

ಹೊರಹರಿವಿನ ಸುದ್ದಿಯಲ್ಲಿ ದೋಷವು ಬೇರೊಂದು ಬಗೆಯದು. ೨೦೨೩ರ ಆಗಸ್ಟ್ ಕೊನೆಯಲ್ಲಿ ಕಾವೇರಿ ಜಲನಿರ್ವಹಣಾ ಪ್ರಾಧಿಕಾರವು ತಮಿಳುನಾಡಿಗೆ ಹದಿನೈದು ದಿನಗಳವರೆಗೆ ೫,೦೦೦ ಕ್ಯೂಸೆಕ್‌ನಂತೆ ನೀರು ಹರಿಸಲು ಸೂಚಿಸಿತು. ಕ್ಯೂಸೆಕ್ ಎಂಬುದು ಸೆಕೆಂಡಿಗೆ ಒಂದು ಘನ ಅಡಿಯ ಹರಿವು, ಟಿ.ಎಂ.ಸಿ. ಎಂಬುದು ನೂರು ಕೋಟಿ ಘನ ಅಡಿಯ ರಾಶಿ. ಗುಣಿಸಿ ನೋಡಿದರೆ ಆ ಆದೇಶದ ಒಟ್ಟು ಮೊತ್ತ ೬.೪೮ ಟಿ.ಎಂ.ಸಿ. “ಐದು ಸಾವಿರ”ವೆಂದರೆ ಒಬ್ಬನಿಗೆ ಭೀತಿ, “ಆರೂವರೆ”ಯೆಂದರೆ ಇನ್ನೊಬ್ಬನಿಗೆ ತಾತ್ಸಾರ. ನೀರು ಮಾತ್ರ ಒಂದೇ. ಸೆಪ್ಟೆಂಬರ್ ೨೩ರಂದು ಮಂಡ್ಯವು ಬಂದ್ ಆಚರಿಸಿದಂತಹ ಕಾವಿನ ದಿನಗಳಲ್ಲಿ ಈ ಗುಣಾಕಾರವನ್ನು ಮಾಡಿ ತೋರಿಸುವುದು ಪತ್ರಿಕೆಯ ಮೊದಲ ಕರ್ತವ್ಯವಾಗಿತ್ತು. ರೈತನ ಸಂಕಟವು ನಿಜವಾಗಿರುವಾಗ ಅದನ್ನು ಅಂಕಿಯಿಂದ ಉಬ್ಬಿಸಬೇಕಾಗಿಲ್ಲ; ಕುಗ್ಗಿಸುವುದಂತೂ ಅನ್ಯಾಯ.

ಒಳಪುಟದ ಪಟ್ಟಿಯಲ್ಲಿ ಎಲ್ಲ ವಿವರಗಳೂ ಇರುವುವೆಂದು ಸಂಪಾದಕರು ಸಮಾಧಾನ ಹೇಳಬಹುದು. ಅದು ಅನೇಕವೇಳೆ ನಿಜವೂ ಹೌದು. ಆದರೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಗಳ ರೈತನು ತಲೆಬರಹವನ್ನು ನಂಬಿ ಭತ್ತದ ಒಟ್ಟಲು ಹಾಕಿದರೆ, ಸಾಲ ತೀರಿಸಬೇಕಾದವನು ಅವನೇ ಹೊರತು ತಲೆಬರಹವನ್ನು ಬರೆದವರಲ್ಲ.

ಪರಿಹಾರವು ಕಷ್ಟವಾದುದಲ್ಲ. ಮಟ್ಟದ ಜತೆಗೆ ಇರುವ ನೀರೆಷ್ಟು, ಅದು ಪೂರ್ಣಸಂಗ್ರಹದ ಎಷ್ಟನೆಯ ಪಾಲು, ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂಬ ಮೂರು ಸಂಗತಿಗಳನ್ನು ತಲೆಬರಹದ ಕೆಳಗೇ ಅಚ್ಚುಹಾಕಿದರೆ ಸಾಕು. ಅಷ್ಟರವರೆಗೆ ವಾಚಕರು ಅಡಿಯನ್ನು ಓದಿದ ಕೂಡಲೆ ಟಿ.ಎಂ.ಸಿ.ಯನ್ನು ಹುಡುಕುವ ಅಭ್ಯಾಸವನ್ನು ಇಟ್ಟುಕೊಳ್ಳುವುದು ಯುಕ್ತ.