ರಾಯ್ ಬ್ರೌನನ ಕಂಠ: ರಾಕ್ ಅಂಡ್ ರೋಲ್ ಮೂಲದ ಒಂದು ವಿಚಾರ

ರಾಕ್ ಅಂಡ್ ರೋಲ್ ಸಂಗೀತದ ಉಗಮವನ್ನು ಕುರಿತು ಬರೆಯುವವರು ಬಹುಮಟ್ಟಿಗೆ ತಾಳವನ್ನೇ ಹಿಡಿದು ಹೊರಡುತ್ತಾರೆ. ಆ ಮಾರ್ಗದಲ್ಲಿ ರಾಯ್ ಬ್ರೌನನಿಗೆ ದೊರೆಯುವುದು ಅಡಿಟಿಪ್ಪಣಿಯಷ್ಟು ಸ್ಥಳ ಮಾತ್ರ: 'ಗುಡ್ ರಾಕಿಂಗ್ ಟುನೈಟ್' ಎಂಬ ಹಾಡನ್ನು ಕಟ್ಟಿದವನು ಈತ, ಮೆರೆಸಿದವರು ಇತರರು. ಈ ತೀರ್ಪನ್ನು ನಾವು ಒಪ್ಪಲಾರೆವು.

ದೊಡ್ಡ ಜಾಸ್ ಮೇಳಗಳು ಕಿರಿದಾಗುತ್ತಿದ್ದ 1940ರ ದಶಕದಲ್ಲಿ, ಕೆಲವೇ ವಾದ್ಯಗಾರರು ಸೇರಿ ಬ್ಲೂಸನ್ನು ಕುಣಿತದ ವೇಗಕ್ಕೆ ಏರಿಸಿದ ಪದ್ಧತಿಯೇ ಜಂಪ್ ಬ್ಲೂಸ್. ಸ್ಯಾಕ್ಸೊಫೋನಿನ ಅಬ್ಬರವನ್ನು ಮೀರಿ ಕೇಳಿಸುವಂತೆ ಕೂಗಿ ಹಾಡುವುದು ಅದರ ಗಾಯಕರ ರೂಢಿ. ಬ್ರೌನನು 1947ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಡಿಲಕ್ಸ್ ಸಂಸ್ಥೆಗಾಗಿ ಈ ಹಾಡನ್ನು ಮುದ್ರಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ ವೈನೋನಿ ಹ್ಯಾರಿಸನು ಕಿಂಗ್ ಸಂಸ್ಥೆಗಾಗಿ ಅದನ್ನೇ ಹಾಡಿದನು. 1948ರಲ್ಲಿ ಅಗ್ರಸ್ಥಾನಕ್ಕೇರಿದ್ದು ಹ್ಯಾರಿಸನ ಮುದ್ರಿಕೆ. ಎಲ್ವಿಸ್ ಪ್ರೀಸ್ಲಿಯು 1954ರಲ್ಲಿ ಮದ್ದಳೆಯೇ ಇಲ್ಲದೆ, ಗಿಟಾರು ಮತ್ತು ಬಾಸುಗಳ ನೆರವಿನಿಂದ ಅದನ್ನು ಮತ್ತೆ ಹಾಡಿದನು.

ಮೊದಲೆರಡು ಮುದ್ರಿಕೆಗಳನ್ನು ಒಂದರ ಬೆನ್ನಿಗೆ ಮತ್ತೊಂದನ್ನಿಟ್ಟು ಕೇಳಬೇಕು. ತಾಳದ ಬಿಗಿಯಲ್ಲಿ ಹ್ಯಾರಿಸನದೇ ಮೇಲುಗೈ ಎಂಬುದರಲ್ಲಿ ಸಂಶಯವಿಲ್ಲ. ಎರಡನೆಯ ಮತ್ತು ನಾಲ್ಕನೆಯ ಪೆಟ್ಟುಗಳ ಮೇಲೆ ಬೀಳುವ ಚಪ್ಪಾಳೆ ಅಲ್ಲಿ ಹಾಡನ್ನೇ ಎತ್ತಿ ನಡೆಸುತ್ತದೆ. ಅದರೆದುರು ಬ್ರೌನನ ಮೇಳವು ತುಸು ಸಡಿಲವೆಂದೇ ಹೇಳಬೇಕು. ಆದರೆ ಹ್ಯಾರಿಸನದು ಸಾರುವ ಕಂಠ, ಬ್ರೌನನದು ಮೊರೆಯಿಡುವ ಕಂಠ. ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಎಳೆದು, ಸಾಲಿನ ಕೊನೆಯಲ್ಲಿ ಅಳುವಿನ ಅಂಚಿಗೆ ಒಯ್ಯುವ ಈ ಕ್ರಮವು ಆಫ್ರಿಕನ್ ಅಮೆರಿಕನ್ನರ ಚರ್ಚುಗಳ ಭಕ್ತಿಗಾಯನದಿಂದ ಬಂದುದು. ಬ್ರೌನನು ಬಾಲ್ಯದಲ್ಲಿ ಚರ್ಚಿನಲ್ಲಿ ಹಾಡಿದವನು. ಬಳಿಕ, ವಿಚಿತ್ರವೆಂದರೆ, ಬಿಂಗ್ ಕ್ರಾಸ್ಬಿಯ ನಯವಾದ ಗಾಯನಕ್ಕೆ ಮರುಳಾಗಿದ್ದವನು! ಭಕ್ತಿಯ ಆವೇಶವನ್ನೂ ಈ ನಯವನ್ನೂ ಒಂದೇ ಉಸಿರಿನಲ್ಲಿ ಹಿಡಿದದ್ದು ಅವನ ಸಾಧನೆ. ಚರ್ಚಿನ ಹಿರಿಯರನ್ನೇ ಕುಣಿತದ ಕೂಟಕ್ಕೆ ಎಳೆತರುವ ಹಾಡಿನ ಪರಿಹಾಸವು ಹ್ಯಾರಿಸನಲ್ಲಿ ಬರಿಯ ಪರಿಹಾಸ. ಬ್ರೌನನಲ್ಲಿ ಕಂಠವೇ ಆ ಎರಡು ಲೋಕಗಳ ಹೊಸ್ತಿಲಲ್ಲಿ ನಿಂತಿದೆ.

ಇದು ವೇಗದ ಹಾಡಿನ ಉತ್ಸಾಹದಿಂದ ಹುಟ್ಟಿದ ಭ್ರಮೆಯೆಂದು ಶಂಕಿಸುವವರು 'ಹಾರ್ಡ್ ಲಕ್ ಬ್ಲೂಸ್' ಮುದ್ರಿಕೆಯನ್ನು ಕೇಳಬಹುದು. 1950ರಲ್ಲಿ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿದ ಈ ಹಾಡು ವಿಳಂಬಗತಿಯದು. ಕುಣಿತದ ಆಸರೆ ಇಲ್ಲಿಲ್ಲ, ಕಂಠವೊಂದೇ ಭಾರವನ್ನೆಲ್ಲ ಹೊರುತ್ತದೆ. ಬಿ. ಬಿ. ಕಿಂಗ್, ಬಾಬ್ಬಿ ಬ್ಲಾಂಡ್, ಲಿಟಲ್ ರಿಚರ್ಡ್ ಇವರು ಬ್ರೌನನಿಂದ ಪಡೆದದ್ದು ಈ ಮೊರೆಯನ್ನೇ ಹೊರತು ಚಪ್ಪಾಳೆಯನ್ನಲ್ಲ.