ರಾಜಾಜಿಯವರ ಮಿತಶಾಸನವಾದ: ಒಂದು ವಿಮರ್ಶೆ

ಚಕ್ರವರ್ತಿ ರಾಜಗೋಪಾಲಾಚಾರ್ಯರ (1878–1972) ರಾಜನೀತಿಯನ್ನು ಕುರಿತು ಎರಡು ಪಕ್ಷಗಳುಂಟು. ಅವರು ಆದ್ಯಂತವಾಗಿ ಪ್ರಜೆಯ ಸ್ವಾತಂತ್ರ್ಯಕ್ಕಾಗಿ ನಿಂತವರೆಂಬುದು ಒಂದು. ಅಧಿಕಾರದಲ್ಲಿದ್ದಾಗ ನಿರ್ಬಂಧಗಳನ್ನು ವಿಧಿಸಿ, ಅಧಿಕಾರವು ಕೈಬಿಟ್ಟ ಮೇಲೆ ಸ್ವಾತಂತ್ರ್ಯವನ್ನು ಬೋಧಿಸಿದವರೆಂಬುದು ಇನ್ನೊಂದು. ಮೊದಲನೆಯದು ಭಕ್ತಿಯಿಂದಲೂ ಎರಡನೆಯದು ದ್ವೇಷದಿಂದಲೂ ಹುಟ್ಟಿದುದಾದ ಕಾರಣ, ಇವೆರಡನ್ನೂ ಬಿಟ್ಟು ಅವರ ತತ್ತ್ವದ ಲಕ್ಷಣವನ್ನೇ ಪರೀಕ್ಷಿಸುವುದು ಯುಕ್ತವಾಗಿದೆ.

ಆ ಲಕ್ಷಣವು ಸ್ಪಷ್ಟರೂಪವನ್ನು ತಾಳಿದುದು 1959ರಲ್ಲಿ. ಆ ವರ್ಷದ ಜನವರಿಯಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಮಹಾಧಿವೇಶನವು ರೈತರ ಭೂಮಿಗಳನ್ನು ಒಂದುಗೂಡಿಸಿ ಸಹಕಾರಿ ಬೇಸಾಯ ನಡೆಸಬೇಕೆಂದು ನಿರ್ಣಯಿಸಿತು. ಎಂಬತ್ತು ವರ್ಷ ತುಂಬಿದ್ದ ರಾಜಾಜಿಯವರು ಎನ್. ಜಿ. ರಂಗಾ, ಮೀನೂ ಮಸಾನಿ ಮೊದಲಾದವರೊಡನೆ ಜೂನ್ ತಿಂಗಳಲ್ಲಿ ಮದರಾಸಿನಲ್ಲಿ ಸ್ವತಂತ್ರ ಪಕ್ಷವನ್ನು ಘೋಷಿಸಿದರು. ಅದರ 21 ತತ್ತ್ವಗಳ ಸಾರವಿಷ್ಟು: ರಾಜ್ಯವು ರಕ್ಷಣೆಯನ್ನೂ ನ್ಯಾಯವನ್ನೂ ನಿರ್ವಹಿಸತಕ್ಕದ್ದು, ಪ್ರಜೆಯ ಕೃಷಿವಾಣಿಜ್ಯಗಳಲ್ಲಿ ಅನಿವಾರ್ಯವಾದಷ್ಟೇ ಕೈಹಾಕತಕ್ಕದ್ದು. ಅನುಮತಿಪತ್ರವಿಲ್ಲದೆ ಉದ್ಯಮವಿಲ್ಲವೆಂಬ ಸ್ಥಿತಿಯನ್ನು ಅವರು ‘ಪರ್ಮಿಟ್-ಲೈಸೆನ್ಸ್ ರಾಜ್’ ಎಂದು ಹಳಿದರು. ಈ ತತ್ತ್ವವನ್ನು ಕೇವಲ ಪಾಶ್ಚಾತ್ಯವೆನ್ನುವುದು ಸರಿಯಲ್ಲ. ಹೂವನ್ನು ಕೆಡಿಸದೆ ಮಧುವನ್ನು ಕೊಳ್ಳುವ ದುಂಬಿಯಂತೆ ರಾಜನು ಕರವನ್ನು ಕೊಳ್ಳಬೇಕೆಂಬುದು ಉದ್ಯೋಗಪರ್ವದಲ್ಲಿ ವಿದುರನ ನೀತಿ. ಮಹಾಭಾರತವನ್ನು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಸಂಗ್ರಹಿಸಿ ಹೇಳಿದವರಿಗೆ ಇದು ಮನೆಯ ಮಾತೇ ಸರಿ.

ಅಧಿಕಾರದಲ್ಲಿದ್ದಾಗಲೂ ಈ ತತ್ತ್ವವು ಅವರಲ್ಲಿರಲಿಲ್ಲವೆಂಬುದು ಅಸಂಗತ. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಗಳಾದ ಕೆಲವೇ ತಿಂಗಳುಗಳಲ್ಲಿ ಅವರು ಆಹಾರಧಾನ್ಯಗಳ ಮೇಲಿದ್ದ ನಿಯಂತ್ರಣವನ್ನು ತೆಗೆದುಹಾಕಿದರು.

ಆದರೆ ಲಕ್ಷಣಕ್ಕೆ ಅವ್ಯಾಪ್ತಿದೋಷವುಂಟೆಂದು ಪೂರ್ವಪಕ್ಷಿಯು ಹೇಳಬಹುದು. 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಗಳಾಗಿ ಅವರು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. 1938ರಲ್ಲಿ ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿ, ವಿರೋಧಿಸಿದ ಸಾವಿರಕ್ಕೂ ಮೇಲ್ಪಟ್ಟ ಜನರನ್ನು ಬಂಧಿಸಿದರು. ಇವು ಮಿತಶಾಸನದ ಕಾರ್ಯಗಳೆ?

ಪಾನನಿರೋಧಕ್ಕೆ ಸಮಾಧಾನವುಂಟು. ರಾಜಾಜಿಯವರ ಮತದಲ್ಲಿ ಪ್ರಜೆಯ ಆತ್ಮಸಂಯಮವೇ ರಾಜ್ಯಸಂಯಮಕ್ಕೆ ಆಧಾರ. ತನ್ನನ್ನು ತಾನು ಆಳಿಕೊಳ್ಳುವವನನ್ನು ಅನ್ಯನು ಆಳಬೇಕಾದುದಿಲ್ಲ. ಆ ಸಂಯಮವನ್ನೇ ಅಪಹರಿಸುವ ಮದ್ಯವನ್ನು ತಡೆಯುವುದು ಅವರ ದೃಷ್ಟಿಯಲ್ಲಿ ಸ್ವಾತಂತ್ರ್ಯದ ರಕ್ಷಣೆಯೇ. ಈ ವಾದವು ಸುಸಂಬದ್ಧವಾದರೂ ನಿರಪಾಯವಲ್ಲ. ಪ್ರಜೆಯ ಶೀಲವನ್ನು ತಿದ್ದುವ ಅಧಿಕಾರವನ್ನು ಒಮ್ಮೆ ಕೊಟ್ಟ ಮೇಲೆ ಅದಕ್ಕೆ ಗಡಿಯನ್ನು ಹಾಕುವವರಾರು? ಹಿಂದಿಯ ವಿಷಯದಲ್ಲಂತೂ ಸಮಾಧಾನವೇ ಇಲ್ಲ. ಮುಂದೆ ಅವರೇ ಹಿಂದಿಯೊಂದನ್ನೇ ಕೇಂದ್ರದ ಆಡಳಿತಭಾಷೆಯಾಗಿ ಮಾಡುವುದನ್ನು ಪ್ರಬಲವಾಗಿ ವಿರೋಧಿಸಿದರು. ಪಾನನಿರೋಧವನ್ನಾದರೋ ಕಡೆಯವರೆಗೂ ಬಿಡಲಿಲ್ಲ.

ಇದಕ್ಕಿಂತ ಗಂಭೀರವಾದ ದೋಷವು ಕಾಣಬರುವುದು ಅವರು ರಾಜ್ಯವನ್ನು ಹಿಂದಕ್ಕೆ ಸರಿಸಿದ ಕಡೆಯಲ್ಲಿ. 1953ರ ಪ್ರಾಥಮಿಕ ಶಿಕ್ಷಣಯೋಜನೆಯಂತೆ ಗ್ರಾಮದ ಮಕ್ಕಳಿಗೆ ಶಾಲೆಯು ದಿನಕ್ಕೆ ಮೂರು ಗಂಟೆ ಮಾತ್ರ. ಉಳಿದ ವೇಳೆಯಲ್ಲಿ ಮನೆಯ ಕಸುಬನ್ನು ಕಲಿಯತಕ್ಕದ್ದು. ಇದ್ದ ಶಾಲೆ, ಇದ್ದ ಉಪಾಧ್ಯಾಯರಿಂದಲೇ ಹೆಚ್ಚು ಮಕ್ಕಳಿಗೆ ಪಾಠ ದೊರೆಯುವುದೆಂಬ ಲೆಕ್ಕವು ಮಿತವ್ಯಯಕ್ಕೆ ಒಪ್ಪುವಂಥದೇ. ಆದರೆ ಅಗಸನ ಮಗನಿಗೆ ಅಗಸನ ಕೆಲಸವೇ ಎಂದಾಗ ಬಾಲಕನ ಆಯ್ಕೆಯು ಹಿಗ್ಗಿತೆ, ಕುಗ್ಗಿತೆ? ವಿರೋಧಿಗಳು ಇದನ್ನು ‘ಕುಲಶಿಕ್ಷಣ’ವೆಂದು ಕರೆದರು. ರಾಜಾಜಿಯವರು 1954ರಲ್ಲಿ ಪದತ್ಯಾಗ ಮಾಡಬೇಕಾಯಿತು. ಕಾಮರಾಜರ ಸರಕಾರವು ಆ ಯೋಜನೆಯನ್ನು ಹಿಂತೆಗೆದುಕೊಂಡಿತು.

ರಾಜ್ಯವು ತೆರವು ಮಾಡಿದ ಸ್ಥಾನದಲ್ಲಿ ಸ್ವಾತಂತ್ರ್ಯವೇ ಬಂದು ಕುಳಿತುಕೊಳ್ಳುವುದೆಂಬ ನಿಯಮವಿಲ್ಲ. ಕುಲವೂ ಕುಳಿತುಕೊಳ್ಳಬಹುದು, ಧನವೂ ಕುಳಿತುಕೊಳ್ಳಬಹುದು. ರಾಜಾಜಿಯವರು ಇದನ್ನು ಅರಿಯದವರಲ್ಲ. 1939ರಲ್ಲಿ, ಹರಿಜನರಿಗೆ ದೇವಾಲಯಗಳನ್ನು ತೆರೆದ ಅರ್ಚಕರಿಗೂ ಅಧಿಕಾರಿಗಳಿಗೂ ರಕ್ಷಣೆಯನ್ನು ಕೊಟ್ಟು, ಪ್ರವೇಶವನ್ನು ಕಾನೂನಿನಿಂದ ಸ್ಥಿರಪಡಿಸಿದವರು ಅವರೇ. ಅಲ್ಲಿ ರಾಜ್ಯಶಕ್ತಿಯು ಸಮಾಜದ ಬಂಧನವನ್ನು ಸಡಿಲಿಸಿ ಸ್ವಾತಂತ್ರ್ಯವನ್ನು ಬೆಳೆಸಿತು. 1939ರ ಆ ಶಾಸನವನ್ನೂ 1953ರ ಯೋಜನೆಯನ್ನೂ ಜೊತೆಯಲ್ಲಿಟ್ಟು ನೋಡಿದರೆ, ಲಕ್ಷಣಕ್ಕೆ ಬೇಕಾಗಿದ್ದ ವಿಶೇಷಣವು ಅವರ ಕೃತಿಯಲ್ಲಿಯೇ ಇದ್ದಿತೆಂಬುದೂ, ಸಿದ್ಧಾಂತದಲ್ಲಿ ಅದು ಸೇರಲಿಲ್ಲವೆಂಬುದೂ ವಿಶದವಾಗುತ್ತದೆ. ಪ್ರಜೆಯನ್ನು ಬಾಧಿಸುವ ಶಕ್ತಿಗಳಲ್ಲಿ ರಾಜ್ಯವು ಒಂದು ಮಾತ್ರ.

ಸ್ವತಂತ್ರ ಪಕ್ಷವು ಲೋಕಸಭೆಯಲ್ಲಿ 1962ರಲ್ಲಿ 18, 1967ರಲ್ಲಿ 44 ಸ್ಥಾನಗಳನ್ನು ಪಡೆದು, 1974ರಲ್ಲಿ ಭಾರತೀಯ ಲೋಕದಳದಲ್ಲಿ ಲೀನವಾಯಿತು. ಆ ಪಕ್ಷಕ್ಕೆ ಮಾಜಿ ಅರಸರ ಮತ್ತು ಜಮೀನ್ದಾರರ ಬೆಂಬಲವಿದ್ದುದು ಮೇಲೆ ಹೇಳಿದ ನ್ಯೂನತೆಗೆ ಸಾಕ್ಷಿ. 1991ರಲ್ಲಿ ಬಹುತೇಕ ಕೈಗಾರಿಕೆಗಳಿಗೆ ಲೈಸೆನ್ಸಿನ ಅಗತ್ಯವನ್ನು ಕೇಂದ್ರ ಸರಕಾರವೇ ರದ್ದುಪಡಿಸಿದುದು ಅವರ ದೂರದರ್ಶಿತ್ವಕ್ಕೆ ಸಾಕ್ಷಿ. ಎರಡು ಸಾಕ್ಷ್ಯಗಳನ್ನೂ ಅಂಗೀಕರಿಸತಕ್ಕದ್ದು. ದುಂಬಿಯು ಹೂವನ್ನು ನೋಯಿಸಬಾರದೆಂದು ಅವರು ಹೇಳಿದುದು ಸತ್ಯ. ಹೂವನ್ನು ಅರಳಗೊಡದ ಬೇಲಿಯನ್ನು ಕೀಳುವುದೂ ರಾಜಧರ್ಮವೇ ಎಂಬುದನ್ನು ಅದರೊಡನೆ ಸೇರಿಸಿದಲ್ಲಿ ಮಾತ್ರ ಆ ಸತ್ಯವು ಪೂರ್ಣವಾಗುತ್ತದೆ.